ಬದನಿಕೆ: ಹತೋಟಿ ಬೇಕು, ನಿರ್ನಾಮ ಬೇಡ

ಶಿವರಾತ್ರಿಯ ಆಸುಪಾಸಿನಲ್ಲಿ ಮದ್ದೂರಿನಿಂದ ಕಾಳಮುದ್ದನದೊಡ್ಡಿಯ ಮೇಲೆ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಹೊಂಗೆ, ಬೇವಿನ ಮರಗಳು ಎಲೆ ಉದುರಿಸಿ ಬೋಳಾಗಿ ನಿಂತಿರುತ್ತವೆ. ಆ ಬೋಳು ಕೊಂಬೆಗಳ ನಡುವೆ ಅಲ್ಲಲ್ಲಿ ದಟ್ಟ ಹಸಿರಿನ ಗುಪ್ಪೆಗಳು ಎದ್ದು ಕಾಣುತ್ತವೆ. ದೂರದಿಂದ ನೋಡಿದವರಿಗೆ ಮರ ಅಲ್ಲಷ್ಟೇ ಚಿಗುರಿದೆ ಎನಿಸುತ್ತದೆ. ಹತ್ತಿರ ಹೋದರೆ ಎಲೆ ಬೇರೆ, ಹೂ ಬೇರೆ. ಕೊಂಬೆಗೆ ಅದು ಕೂತ ಜಾಗದಲ್ಲಿ ಗಡ್ಡೆಯಂಥ ಗಂಟು. ಅದು ಬದನಿಕೆ. ಕೆಲವು ಕಡೆ ಬಂದಳಿಕೆ ಎಂದೂ ಕರೆಯುತ್ತಾರೆ. ಮಂಡ್ಯ ಸೀಮೆಯ ರೈತರಿಗೆ ಇದರ ಪರಿಚಯ ಹೊಸದಲ್ಲ. ಮಾವು, ಸಪೋಟ, ಸೀಬೆ, ದಾಳಿಂಬೆ ಬೆಳೆದವರು ಇದನ್ನು ಶಪಿಸದೆ ಇದ್ದದ್ದು ಕಡಿಮೆ.

ಈ ಗಿಡದ ಬಗ್ಗೆ ನಮ್ಮಲ್ಲಿ ಎರಡೇ ನಿಲುವುಗಳಿವೆ. ತೋಟದಲ್ಲಿ ಕಂಡರೆ ಸಿಟ್ಟು, ಬೇರೆಲ್ಲಿ ಕಂಡರೂ ಉದಾಸೀನ. ಎರಡರ ತಳದಲ್ಲಿರುವುದು ಒಂದೇ ತೀರ್ಮಾನ: ಇದು ಇನ್ನೊಬ್ಬರ ಮೈ ಹೀರಿ ಬದುಕುವ ಗಿಡ, ಇದ್ದು ಮಾಡುವುದೇನೂ ಇಲ್ಲ, ಇಲ್ಲವಾದರೆ ಒಳ್ಳೆಯದು. ಈ ತೀರ್ಮಾನ ಅರ್ಧ ಮಾತ್ರ ನಿಜ. ಬದನಿಕೆ ಮರಕ್ಕೆ ಹಾನಿ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಹಾನಿ ಎಷ್ಟು, ಯಾವಾಗ, ಯಾವ ಮರಕ್ಕೆ ಎಂಬುದನ್ನು ನಿರ್ಧರಿಸುವುದರಲ್ಲಿ ಗಿಡದಷ್ಟೇ ನಮ್ಮ ಕೈಯೂ ಇದೆ. ಅದು ಬದುಕುವ ಬಗೆಯನ್ನು ತಿಳಿದವರಿಗೆ ಅದನ್ನು ಹತೋಟಿಯಲ್ಲಿಡುವ ದಾರಿಯೂ ತಿಳಿಯುತ್ತದೆ, ಪೂರಾ ಅಳಿಸಬಾರದು ಏಕೆ ಎಂಬುದೂ ತಿಳಿಯುತ್ತದೆ.

ನಮ್ಮ ಕಡೆ ಹೆಚ್ಚಾಗಿ ಕಾಣುವ ಬದನಿಕೆಯ ವೈಜ್ಞಾನಿಕ ಹೆಸರು ಡೆಂಡ್ರೊಫ್ತೋ ಫಲ್ಕೇಟಾ. ಹಳೆಯ ಪುಸ್ತಕಗಳಲ್ಲಿ ಇದು ಲೊರಾಂತಸ್ ಲಾಂಗಿಫ್ಲೋರಸ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಲೊರಾಂತೇಸಿ ಎಂಬ ಇದರ ಕುಟುಂಬದಲ್ಲಿ ಜಗತ್ತಿನಾದ್ಯಂತ ಸುಮಾರು 1,000 ಪ್ರಭೇದಗಳಿವೆ. ಹೂ ಬಿಡುವ ಸಸ್ಯಗಳಲ್ಲಿ ಹೀಗೆ ಬೇರೆ ಸಸ್ಯವನ್ನು ಆಶ್ರಯಿಸಿ ಬದುಕುವವು ಒಟ್ಟು 4,500ಕ್ಕೂ ಹೆಚ್ಚು, ಅಂದರೆ ನೂರಕ್ಕೆ ಒಂದರಷ್ಟು. ಅವುಗಳಲ್ಲಿ ಹಲವು ಒಂದೋ ಎರಡೋ ಬಗೆಯ ಆಸರೆ ಸಸ್ಯಕ್ಕೆ ಕಟ್ಟುಬಿದ್ದಿವೆ. ನಮ್ಮ ಬದನಿಕೆಗೆ ಆ ಕಟ್ಟಿಲ್ಲ. ಇದು ಹಿಡಿಯುವ ಮರ, ಪೊದೆಗಳ ಪಟ್ಟಿ 400ರ ಗಡಿ ಮುಟ್ಟಿದೆ. ಇಷ್ಟು ವಿಶಾಲವಾದ ಆಯ್ಕೆ ಇರುವ ಪರಾವಲಂಬಿ ಗಿಡಗಳು ಜಗತ್ತಿನಲ್ಲೇ ವಿರಳ.

ಬದನಿಕೆಯ ಎಲೆ ಹಸಿರಾಗಿರುವುದು ಸುಮ್ಮನೆ ಅಲ್ಲ. ಅದರಲ್ಲಿ ಹರಿತ್ತು ಇದೆ, ಬಿಸಿಲಲ್ಲಿ ತನ್ನ ಸಕ್ಕರೆಯನ್ನು ಬಹುಮಟ್ಟಿಗೆ ತಾನೇ ತಯಾರಿಸಿಕೊಳ್ಳುತ್ತದೆ. ಅದಕ್ಕೆ ಇಲ್ಲದಿರುವುದು ನೆಲ. ನೆಲದ ನೀರು, ನೀರಿನಲ್ಲಿ ಕರಗಿದ ಸಾರಜನಕ, ಲವಣಗಳು ಬೇಕೆಂದರೆ ಮರದ ಮೊರೆ ಹೋಗಬೇಕು. ಅದಕ್ಕಾಗಿ ಕೊಂಬೆಯ ತೊಗಟೆಯನ್ನು ಸೀಳಿ ಒಳಕ್ಕೆ ಹೀರುಬೇರು ಇಳಿಸಿ, ಬೇರಿನಿಂದ ಮೇಲಕ್ಕೆ ನೀರು ಸಾಗುವ ಕೊಳವೆಗಳಿಗೆ ತನ್ನ ಕೊಳವೆಗಳನ್ನು ಜೋಡಿಸುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಕೊಂಬೆಯ ಮೇಲ್ಮೈಯಲ್ಲಿ ಬಳ್ಳಿಯಂತೆ ಬೇರು ಹರಡಿಕೊಂಡು ಹೋಗಿ, ನಡುನಡುವೆ ಮತ್ತೆ ಮತ್ತೆ ತೊಗಟೆ ಕೊರೆದು ಒಳಕ್ಕಿಳಿಯುತ್ತದೆ. ಮೇಲಿನ ಗುಪ್ಪೆಯನ್ನಷ್ಟೇ ಮಚ್ಚಿನಿಂದ ಸವರಿದರೆ ಮುಂದಿನ ಮಳೆಗೆ ಅದು ಮತ್ತೆ ಚಿಗುರಿಕೊಳ್ಳುವುದು ಇದೇ ಕಾರಣಕ್ಕೆ.

ಮರದೊಳಗೆ ಹರಿಯುವ ನೀರು ತನ್ನ ಕಡೆಗೆ ತಿರುಗಬೇಕಾದರೆ ಬದನಿಕೆ ಮರದ ಎಲೆಗಳಿಗಿಂತ ಬಲವಾಗಿ ಎಳೆಯಬೇಕು. ಅದು ಪತ್ರರಂಧ್ರಗಳನ್ನು ಧಾರಾಳವಾಗಿ ತೆರೆದಿಟ್ಟುಕೊಂಡು ಹೆಚ್ಚು ನೀರನ್ನು ಆವಿಯಾಗಿ ಬಿಡುತ್ತದೆ. ಹೀಗೆ ಬಿಟ್ಟಷ್ಟೂ ಕೆಳಗಿನಿಂದ ಮತ್ತಷ್ಟು ನೀರು ಏರಿ ಬರುತ್ತದೆ, ಅದರ ಜೊತೆ ಸಾರಜನಕವೂ ಬರುತ್ತದೆ. ನೀರು ಕಡಿಮೆಯಾದ ದಿನಗಳಲ್ಲಿ ಆಸರೆ ಮರ ತನ್ನ ರಂಧ್ರಗಳನ್ನು ಮುಚ್ಚಿ ಜಿಪುಣತನ ಮಾಡಿದರೆ, ಬದನಿಕೆ ಅಷ್ಟು ಬೇಗ ಮುಚ್ಚುವುದಿಲ್ಲ. ಬರಗಾಲದಲ್ಲಿ ಗುಪ್ಪೆಯಿಂದಾಚೆಗಿನ ಕೊಂಬೆ ಮೊದಲು ಒಣಗುವುದು ಹೀಗೆ. ಮರವೇ ಸತ್ತರೆ ಬದನಿಕೆಯೂ ಅದರೊಂದಿಗೆ ಸಾಯುತ್ತದೆ. ಒಂದು ಮರದಿಂದ ಎದ್ದು ಇನ್ನೊಂದಕ್ಕೆ ಹೋಗುವ ಕಾಲು ಅದಕ್ಕಿಲ್ಲ.

ಹಾಗಾದರೆ ಅದರ ಸಂತಾನ ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗುವುದು ಹೇಗೆ? ಈ ಗಿಡದ ಬದುಕಿನ ಅತ್ಯಂತ ಸೋಜಿಗದ ಭಾಗ ಇದೇ. ಅದರ ಬೀಜ ನೆಲಕ್ಕೆ ಬಿದ್ದರೆ ವ್ಯರ್ಥ. ಗಾಳಿಗೆ ಹಾರಿದರೂ ಕೊಂಬೆಗೆ ಅಂಟುವ ಭರವಸೆಯಿಲ್ಲ. ಬೀಜ ಬೀಳಬೇಕಾದದ್ದು ಬೆರಳು ಗಾತ್ರದ ಎಳೆಯ ಕೊಂಬೆಯ ಮೇಲೆ, ಅದೂ ಬೆಳಕು ಬೀಳುವ ಕಡೆ. ಅಷ್ಟು ಕರಾರುವಾಕ್ಕಾಗಿ ಬೀಜವನ್ನು ತಲುಪಿಸುವ ಕೆಲಸವನ್ನು ಎಂಟು ಸೆಂಟಿಮೀಟರ್ ಉದ್ದದ ಒಂದು ಪುಟ್ಟ ಹಕ್ಕಿ ಮಾಡುತ್ತದೆ. ಭಾರತದ ಅತಿ ಚಿಕ್ಕ ಹಕ್ಕಿಗಳಲ್ಲಿ ಒಂದಾದ ಇದನ್ನು ಕನ್ನಡದ ಪಕ್ಷಿವೀಕ್ಷಕರು ಬದನಿಕೆ ಹಕ್ಕಿ ಎಂದೇ ಕರೆಯುತ್ತಾರೆ. ಬದನಿಕೆ ಹಣ್ಣು ಇದರ ಮುಖ್ಯ ಆಹಾರ. ಈ ಕುಲದ ಹಕ್ಕಿಗಳ ಜಠರ ಅನ್ನನಾಳದ ಪಕ್ಕದಲ್ಲಿ ಚೀಲದಂತೆ ಇರುತ್ತದೆ. ಹುಳು ತಿಂದರೆ ಅದು ಆ ಚೀಲಕ್ಕೆ ಹೋಗಿ ಅರೆಯಲ್ಪಡುತ್ತದೆ. ಹಣ್ಣು ನುಂಗಿದರೆ ಚೀಲವನ್ನು ಬಳಸಿಕೊಂಡು ನೇರ ಕರುಳಿಗೆ ಇಳಿಯುತ್ತದೆ. ತಿರುಳಷ್ಟೇ ಜೀರ್ಣವಾಗಿ, ಕೆಲವೇ ನಿಮಿಷಗಳಲ್ಲಿ ಬೀಜ ಇಡಿಯಾಗಿ ಹೊರಬರುತ್ತದೆ.

ಹೊರಬಂದ ಬೀಜದ ಸುತ್ತ ವಿಸಿನ್ ಎಂಬ ಬಲವಾದ ಅಂಟು ಇರುತ್ತದೆ. ಅದು ಹಕ್ಕಿಯ ಹಿಂಬದಿಗೆ ಎಳೆಯಂತೆ ಹತ್ತಿಕೊಳ್ಳುವುದರಿಂದ, ಬಿಡಿಸಿಕೊಳ್ಳಲು ಹಕ್ಕಿ ತಾನು ಕೂತ ಕೊಂಬೆಗೇ ಮೈ ಒರೆಸಬೇಕು. ಒರೆಸಿದ ಜಾಗದಲ್ಲಿ ಬೀಜ ಅಂಟಿ ಕೂರುತ್ತದೆ. ಬದನಿಕೆಯ ಬೀಜಕ್ಕೆ ಬೇರೆ ಬೀಜಗಳಿಗಿರುವ ಗಟ್ಟಿ ಸಿಪ್ಪೆಯಿಲ್ಲ, ಕಾಯುವ ತಾಳ್ಮೆಯೂ ಇಲ್ಲ. ಒಳಗಿನ ಭ್ರೂಣ ಆಗಲೇ ಹಸಿರಾಗಿರುತ್ತದೆ. ಅಂಟಿದ ಕೂಡಲೇ ಮೊಳೆತು, ಮೊಳಕೆಯ ತುದಿಯನ್ನು ಗಟ್ಟಿಯಾಗಿ ತೊಗಟೆಗೆ ಒತ್ತಿ ಒಳಗೆ ಇಳಿಯಲು ಹವಣಿಸುತ್ತದೆ. ಅದು ಸಾಧ್ಯವಾಗದಿದ್ದರೆ ಒಣಗಿ ಹೋಗುತ್ತದೆ.

ಸಲೀಂ ಅಲಿ ಅವರು 1931ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಒಂದು ಲೇಖನದ ವಿಷಯ ಇದೇ ಬದನಿಕೆ. ಕೊಂಕಣದಲ್ಲಿ ಈ ಗಿಡ ಹಬ್ಬುವುದರಲ್ಲಿ ಸೂರಕ್ಕಿಗಳ ಪಾತ್ರವೇನು, ಬದನಿಕೆ ಹಕ್ಕಿಗಳ ಪಾತ್ರವೇನು ಎಂಬುದನ್ನು ಅವರು ಅದರಲ್ಲಿ ಚರ್ಚಿಸಿದರು. ಹೂವಿನ ಕೆಲಸ ಸೂರಕ್ಕಿಯದು, ಹಣ್ಣಿನ ಕೆಲಸ ಬದನಿಕೆ ಹಕ್ಕಿಯದು. ಉದ್ದ ಕೊಳವೆಯಂಥ ಹೂವಿನ ತಳದಲ್ಲಿ ಮಕರಂದವಿರುತ್ತದೆ. ಬಾಗಿದ ಕೊಕ್ಕಿನ ಸೂರಕ್ಕಿ ಅದನ್ನು ಹೀರುವಾಗ ತಲೆಗೆ ಪರಾಗ ಮೆತ್ತಿಕೊಳ್ಳುತ್ತದೆ. ಮುಂದೆ 1980ರ ದಶಕದಲ್ಲಿ ಪ್ರಿಯಾ ದಾವಿದಾರ್ ನೀಲಗಿರಿಯ ಬದನಿಕೆ ಜಾತಿಗಳನ್ನು ಅಧ್ಯಯನ ಮಾಡಿ ಮತ್ತೊಂದು ಸೂಕ್ಷ್ಮವನ್ನು ತೋರಿಸಿದರು. ಕೆಲವು ಜಾತಿಗಳಲ್ಲಿ ಹೂವನ್ನೂ ಬದನಿಕೆ ಹಕ್ಕಿಯೇ ಪರಾಗಸ್ಪರ್ಶ ಮಾಡುತ್ತದೆ, ಅಂಥ ಜಾತಿಗಳ ಮೊಗ್ಗು ನೋಡಲು ಹಣ್ಣನ್ನೇ ಹೋಲುತ್ತದೆ.

ಈ ಬದುಕಿನ ರೀತಿ ಎಷ್ಟು ಭಿನ್ನವೆಂದು ತಿಳಿಯಲು ಇನ್ನೊಂದು ಪರಾವಲಂಬಿಯನ್ನು ನೋಡಬೇಕು. ಜೋಳ, ಕಬ್ಬಿನ ಬೇರಿಗೆ ತಗಲುವ ಸ್ಟ್ರೈಗಾ ಧೂಳಿನಷ್ಟು ಸಣ್ಣ ಬೀಜಗಳನ್ನು ಸಾವಿರಗಟ್ಟಲೆ ಉದುರಿಸುತ್ತದೆ. ಆ ಬೀಜಗಳು ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮೀರಿ ಜೀವ ಹಿಡಿದು ಮಲಗಬಲ್ಲವು. ಪಕ್ಕದಲ್ಲಿ ಆಸರೆ ಬೆಳೆಯ ಬೇರು ಬೆಳೆದು, ಆ ಬೇರಿನಿಂದ ಸ್ಟ್ರೈಗೊಲ್ಯಾಕ್ಟೋನ್ ಎಂಬ ರಾಸಾಯನಿಕ ಒಸರಿದಾಗ ಮಾತ್ರ ಮೊಳೆಯುತ್ತವೆ. ಅದರ ದಾರಿ ಸಂಖ್ಯೆ ಮತ್ತು ಕಾಯುವಿಕೆ. ಬದನಿಕೆಗೆ ಎರಡೂ ಇಲ್ಲ. ಒಂದು ಹಣ್ಣಿನಲ್ಲಿ ಒಂದೇ ಬೀಜ, ಅದಕ್ಕೂ ಆಯಸ್ಸು ಕಡಿಮೆ. ಅದು ತನ್ನ ವಂಶವನ್ನು ಪೂರ್ತಿಯಾಗಿ ಹಕ್ಕಿಯ ಕೈಗೆ ಒಪ್ಪಿಸಿದೆ. ಹಕ್ಕಿ ಬರಬೇಕಾದರೆ ಹಕ್ಕಿಗೆ ಲಾಭವಿರಬೇಕು. ಆದ್ದರಿಂದ ಅದು ಧಾರಾಳವಾಗಿ ಹೂ ಬಿಡುತ್ತದೆ, ಹಣ್ಣು ಬಿಡುತ್ತದೆ, ಬೇರೆ ಮರಗಳು ಬರಿದಾದ ದಿನಗಳಲ್ಲೂ ಬಿಡುತ್ತದೆ. ಮರದಿಂದ ಪಡೆದದ್ದನ್ನು ಬದನಿಕೆ ಸುತ್ತಲಿನ ಜೀವಗಳಿಗೆ ಹಂಚದೆ ತಾನು ಬದುಕಲಾರದು. ಇದನ್ನು ಉಪಕಾರಬುದ್ಧಿ ಎನ್ನಬೇಕಿಲ್ಲ. ಅದರ ಬದುಕಿನ ಷರತ್ತೇ ಹಾಗಿದೆ.

ಹಂಚಿಕೆ ಹಕ್ಕಿಗಷ್ಟೇ ಸೀಮಿತವಲ್ಲ. ಬಿಳಿ ರೆಕ್ಕೆಯ ಅಡಿಯಲ್ಲಿ ಹಳದಿ, ಅಂಚಿನಲ್ಲಿ ಕೆಂಪು ತೋರುವ ಜೆಜೆಬೆಲ್ ಎಂಬ ಚಿಟ್ಟೆ ನಮ್ಮ ಊರುಗಳ ಮರಗಳ ಮೇಲ್ತುದಿಯಲ್ಲಿ ಹಾರಾಡುವುದನ್ನು ಹಲವರು ನೋಡಿರಬಹುದು. ಅದು ಮೊಟ್ಟೆಯಿಡುವುದು ಬದನಿಕೆ ಎಲೆಗಳ ಮೇಲೆ, ಅದರ ಹುಳುಗಳು ಗುಂಪುಗೂಡಿ ಮೇಯುವುದೂ ಅದನ್ನೇ. ಇನ್ನೂ ಕೆಲವು ನೀಲಿ ಚಿಟ್ಟೆಗಳ ಮರಿಗಳಿಗೂ ಬದನಿಕೆಯೇ ಆಹಾರ. ವಿಸ್ಕಮ್ ಕ್ಯಾಪಿಟೆಲ್ಲೇಟಮ್ ಎಂಬ ಸಣ್ಣ ಗಿಡವಂತೂ ದಕ್ಷಿಣ ಭಾರತದಲ್ಲಿ ಬದನಿಕೆಯ ಮೇಲೆಯೇ ಹುಟ್ಟಿ ಬದನಿಕೆಯನ್ನೇ ಹೀರುತ್ತದೆ. ಬದನಿಕೆಯ ಎಲೆಗೆ ಇನ್ನೊಂದು ಗುಣವಿದೆ. ಮರಗಳು ಎಲೆ ಉದುರಿಸುವ ಮೊದಲು ಅದರಲ್ಲಿರುವ ಸಾರವನ್ನು ಆದಷ್ಟು ಒಳಕ್ಕೆ ಎಳೆದುಕೊಳ್ಳುತ್ತವೆ. ಬದನಿಕೆ ಹಾಗೆ ಉಳಿತಾಯ ಮಾಡುವುದಿಲ್ಲ. ಸಾರ ತುಂಬಿದ ಎಲೆಯನ್ನೇ ಉದುರಿಸುತ್ತದೆ, ಅದು ಮರದ ಬುಡಕ್ಕೇ ಬೀಳುತ್ತದೆ.

ಇದೆಲ್ಲ ಸೇರಿ ಎಷ್ಟು ಫಲ ಕೊಡುತ್ತದೆ ಎಂಬುದನ್ನು ಆಸ್ಟ್ರೇಲಿಯಾದಲ್ಲಿ ಡೇವಿಡ್ ವಾಟ್ಸನ್ ಮತ್ತು ಮ್ಯಾಥ್ಯೂ ಹೆರಿಂಗ್ ಪ್ರಯೋಗ ಮಾಡಿ ಅಳೆದರು. ಹೊಲಗದ್ದೆಗಳ ನಡುವೆ ಉಳಿದಿದ್ದ 17 ಕಾಡುತುಣುಕುಗಳಿಂದ ಅಲ್ಲಿನ ಬದನಿಕೆಗಳನ್ನು ಪೂರ್ತಿ ತೆಗೆಸಿದರು, ಹೋಲಿಕೆಗಾಗಿ ಬೇರೆ ತುಣುಕುಗಳನ್ನು ಹಾಗೆಯೇ ಬಿಟ್ಟರು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳಲ್ಲಿ, ಬದನಿಕೆ ತೆಗೆದ ಕಡೆ ಕಾಡನ್ನೇ ನಂಬಿದ ಹಕ್ಕಿ ಜಾತಿಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಕಾಣೆಯಾಗಿದ್ದವು. ಬದನಿಕೆ ಹಣ್ಣು ತಿನ್ನುವ ಹಕ್ಕಿಗಳು ಹೋದದ್ದರಲ್ಲಿ ಅಚ್ಚರಿಯಿಲ್ಲ. ಹೆಚ್ಚು ಪೆಟ್ಟು ಬಿದ್ದದ್ದು ನೆಲದ ತರಗಿನಲ್ಲಿ ಹುಳು ಕೆದಕಿ ತಿನ್ನುವ ಹಕ್ಕಿಗಳಿಗೆ. ಬದನಿಕೆಯ ಸಾರವತ್ತಾದ ತರಗು ನಿಂತಿತು, ಆ ತರಗಿನ ಹುಳುಗಳು ಕಡಿಮೆಯಾದವು, ಅವನ್ನು ನಂಬಿದ ಹಕ್ಕಿಗಳು ಊರು ಬಿಟ್ಟವು ಎಂಬುದು ಸಂಶೋಧಕರ ವಿವರಣೆ. ಆಸ್ಟ್ರೇಲಿಯಾದ ಅಂಕಿಗಳನ್ನು ಹಾಗೆಯೇ ಮಂಡ್ಯಕ್ಕೆ ತಂದು ಹಚ್ಚಲಾಗದು. ಆದರೆ ನಿರ್ನಾಮದ ಪರಿಣಾಮ ಮರದಲ್ಲಿ ನಿಲ್ಲದೆ ನೆಲದವರೆಗೆ ಇಳಿಯುತ್ತದೆ ಎಂಬ ಎಚ್ಚರಿಕೆ ನಮಗೂ ಸಲ್ಲುತ್ತದೆ.

ಇಷ್ಟು ಕೇಳಿದ ಮೇಲೂ ಮಾವು ಬೆಳೆದ ರೈತ ಒಂದು ನ್ಯಾಯವಾದ ಪ್ರಶ್ನೆ ಕೇಳುತ್ತಾನೆ: ಹಕ್ಕಿ, ಚಿಟ್ಟೆಗಳಿಗೆ ಒಳ್ಳೆಯದಾಗಲಿ, ನನ್ನ ಫಸಲಿನ ಗತಿಯೇನು? ಈ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಬದನಿಕೆಯ ಪರ ವಾದಿಸುವವರು ತಮ್ಮ ವಾದಕ್ಕೇ ಅನ್ಯಾಯ ಮಾಡುತ್ತಾರೆ. ಫಲ ಕೊಡುವ ಮರದಲ್ಲಿ ಬದನಿಕೆ ಹೆಚ್ಚಿದರೆ ಕಾಯಿ ಕಡಿಮೆಯಾಗುತ್ತದೆ, ಕೊಂಬೆ ಸಾಯುತ್ತದೆ, ಹಳೆಯ ಮರವಾದರೆ ಮರವೇ ಹೋಗಬಹುದು. ನಮ್ಮ ನೆರೆಯಲ್ಲೇ ಇದಕ್ಕೆ ಗಂಭೀರವಾದ ಉದಾಹರಣೆಯಿದೆ. ಮಳವಳ್ಳಿಯಿಂದ ಕಾವೇರಿ ದಾಟಿ ಕೊಳ್ಳೇಗಾಲದ ಆಚೆ ಹೋದರೆ ಬಿಳಿಗಿರಿರಂಗನ ಬೆಟ್ಟ. ಅಲ್ಲಿನ ಸೋಲಿಗರು ತಲೆಮಾರುಗಳಿಂದ ಕಾಡಿನ ನೆಲ್ಲಿಕಾಯಿ ಕುಯ್ದು ಬಾಳಿದವರು. ಆ ನೆಲ್ಲಿ ಮರಗಳಿಗೆ ಟ್ಯಾಕ್ಸಿಲಸ್ ಎಂಬ ಇನ್ನೊಂದು ಜಾತಿಯ ಬದನಿಕೆ ವಿಪರೀತವಾಗಿ ಹಬ್ಬಿ, ಮರಗಳು ಸೊರಗಿ ಸಾಯತೊಡಗಿದ್ದನ್ನು ಸೋಲಿಗರೂ ಕಂಡರು, ಅಲ್ಲಿ ದುಡಿದ ವಿಜ್ಞಾನಿಗಳೂ ದಾಖಲಿಸಿದರು. ಸೋಲಿಗರು ಈ ಗಿಡವನ್ನು ಉಪ್ಪಿಲು ಎನ್ನುತ್ತಾರೆ.

ಉಪ್ಪಿಲು ಹೆಚ್ಚಿದ್ದೇಕೆ ಎಂಬುದಕ್ಕೆ ಸೋಲಿಗರು ಕೊಡುವ ಉತ್ತರ ಗಮನಾರ್ಹ. ಅವರು ಹಿಂದೆ ಬೇಸಿಗೆಯ ಆರಂಭದಲ್ಲಿ ತರಗು ಬೆಂಕಿ ಹಾಕುತ್ತಿದ್ದರು. ನೆಲದ ಒಣ ತರಗನ್ನು ಮಾತ್ರ ಸುಟ್ಟು ಬೇಗ ಆರಿ ಹೋಗುವ ಸಣ್ಣ ಬೆಂಕಿ ಅದು. ಅದರ ಝಳಕ್ಕೆ ಉಪ್ಪಿಲು ಹತೋಟಿಯಲ್ಲಿರುತ್ತಿತ್ತು, ಲಂಟಾನ ತಲೆಯೆತ್ತುತ್ತಿರಲಿಲ್ಲ. 1974ರಲ್ಲಿ ಬೆಟ್ಟ ವನ್ಯಜೀವಿ ಧಾಮವಾಯಿತು, ಬೆಂಕಿ ನಿಷಿದ್ಧವಾಯಿತು. ಮುಂದೆ ಕಾಡಿನ ಉತ್ಪನ್ನ ಸಂಗ್ರಹಕ್ಕೂ ತಡೆ ಬಿತ್ತು. ಮರದ ಬಳಿ ಹೋಗುವ ಕೈಗಳು ದೂರವಾದವು, ಉಪ್ಪಿಲು ಬೆಳೆಯಿತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು. ಈ ಪ್ರಸಂಗದಿಂದ ನಾನು ಕಲಿಯುವ ಪಾಠ ಬದನಿಕೆ ದುಷ್ಟ ಎಂಬುದಲ್ಲ. ಅದೇ ಗಿಡ ಅದೇ ಕಾಡಿನಲ್ಲಿ ಹಿಂದೆಯೂ ಇತ್ತು. ಬದಲಾದದ್ದು ಅದನ್ನು ಅಳತೆಯಲ್ಲಿಟ್ಟಿದ್ದ ಏರ್ಪಾಡು.

ಮಂಡ್ಯದಲ್ಲೂ ಬದಲಾದದ್ದು ಏರ್ಪಾಡೇ, ಆದರೆ ಬೇರೆ ಬಗೆಯಲ್ಲಿ. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಹುಟ್ಟಿತು. ರಾಗಿ, ಹುರುಳಿಯ ಹೊಲಗಳು ಕಬ್ಬು, ಭತ್ತದ ಗದ್ದೆಗಳಾದವು, ತೆಂಗು ಹಬ್ಬಿತು. ಈ ನೀರು ಜಿಲ್ಲೆಯ ಬಡತನ ನೀಗಿಸಿತು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಮರಗಳ ಲೆಕ್ಕದಲ್ಲಿ ಆದದ್ದನ್ನೂ ನೋಡಬೇಕು. ಕಬ್ಬು, ಭತ್ತ, ತೆಂಗು ಮೂರೂ ಏಕದಳ ಸಸ್ಯಗಳು. ಬದನಿಕೆ ಹಿಡಿಯಲು ಬೇಕಾದ ತೊಗಟೆಯಾಗಲಿ ಕೊಂಬೆಯಾಗಲಿ ಅವುಗಳಲ್ಲಿಲ್ಲ. ಬದನಿಕೆಗೆ ದಕ್ಕುವುದು ಬದುವಿನ ಹೊಂಗೆ, ಬೇವು, ಜಾಲಿ, ರಸ್ತೆ ಬದಿಯ ಸಾಲುಮರ, ಊರಂಚಿನ ಮಾವಿನ ತೋಪು. ಈ ಮರಗಳೇ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದವು. ಬದು ಸವೆಸಿ ಗದ್ದೆ ಹಿಗ್ಗಿಸಿದೆವು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಗಾಗಿ ಮದ್ದೂರು, ಮಂಡ್ಯದ ಹಾದಿಯಲ್ಲಿದ್ದ ಹಳೆಯ ಸಾಲುಮರಗಳು ಉರುಳಿದವು.

ಮರಗಳು ಕಡಿಮೆಯಾದರೂ ಹಕ್ಕಿ ಕೂರಲು ಬರುತ್ತದೆ. ಬಯಲಲ್ಲಿ ಒಂಟಿಯಾಗಿ ನಿಂತ ಮರಕ್ಕೆ ಬಿಸಿಲು ಸುತ್ತಲಿಂದಲೂ ಬೀಳುತ್ತದೆ. ಹಾರಿ ಬಂದ ಹಕ್ಕಿ ಕೂರಲು ಬೇರೆ ಮರವಿಲ್ಲದೆ ಅದರ ಮೇಲೆಯೇ ಕೂರುತ್ತದೆ, ಅಲ್ಲಿಯೇ ಬೀಜ ಒರೆಸುತ್ತದೆ. ಒಮ್ಮೆ ಬದನಿಕೆ ಕೂತ ಮರಕ್ಕೆ ಅದರ ಹಣ್ಣಿಗಾಗಿ ಹಕ್ಕಿ ಮತ್ತೆ ಮತ್ತೆ ಬರುತ್ತದೆ, ಬಂದಾಗಲೆಲ್ಲ ಇನ್ನಷ್ಟು ಬೀಜ ಅಂಟುತ್ತದೆ. ದಟ್ಟ ಕಾಡಿನ ಮರಗಳಿಗಿಂತ ಬಯಲಿನ, ಅಂಚಿನ, ಒಂಟಿ ಮರಗಳಿಗೆ ಈ ಹೊರೆ ಹೆಚ್ಚು ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಸಾವಿರ ಮರಗಳ ಮೇಲೆ ಚದುರಬೇಕಿದ್ದ ಭಾರ ಹತ್ತು ಮರಗಳ ಮೇಲೆ ಬಿದ್ದಾಗ ಹತ್ತೂ ಬಸವಳಿಯುತ್ತವೆ. ಆಗ ಬದನಿಕೆಯತ್ತ ಬೆರಳು ತೋರುವುದು ಸುಲಭ, ಕಡಿದ ಮರಗಳನ್ನು ನೆನೆಯುವುದು ಕಷ್ಟ.

ಬದನಿಕೆಯ ಬಗ್ಗೆ ನಮ್ಮ ತೀರ್ಪು ಎಷ್ಟು ಅಸಮ ಎಂಬುದಕ್ಕೆ ನಮ್ಮ ನಾಡಿನ ಹೆಮ್ಮೆಯ ಮರವೇ ಸಾಕ್ಷಿ. ಶ್ರೀಗಂಧವೂ ಪರಾವಲಂಬಿ. ಬದನಿಕೆ, ಶ್ರೀಗಂಧ ಎರಡೂ ಸ್ಯಾಂಟಲೇಲಿಸ್ ಎಂಬ ಒಂದೇ ಗಣಕ್ಕೆ ಸೇರಿದ ಬಂಧುಗಳು. ಬದನಿಕೆ ಕೊಂಬೆಯ ಮೇಲೆ ಮಾಡುವುದನ್ನು ಶ್ರೀಗಂಧ ಮಣ್ಣಿನೊಳಗೆ ಮಾಡುತ್ತದೆ. ಪಕ್ಕದ ಗಿಡಗಳ ಬೇರಿಗೆ ತನ್ನ ಹೀರುಬೇರು ಹಚ್ಚಿ ನೀರು, ಸಾರಜನಕ, ಲವಣ ಪಡೆಯುತ್ತದೆ. ಮದ್ರಾಸ್ ಸರ್ಕಾರದ ಸಸ್ಯವಿಜ್ಞಾನಿಯಾಗಿದ್ದ ಸಿ. ಎ. ಬಾರ್ಬರ್ 1906–07ರಲ್ಲೇ ಗಂಧದ ಹೀರುಬೇರಿನ ರಚನೆಯನ್ನು ವಿವರವಾಗಿ ಬರೆದಿದ್ದರು. ಇದೇ ಬಾರ್ಬರ್ ಮುಂದೆ ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಸಂಶೋಧನೆಗೆ ಅಡಿಪಾಯ ಹಾಕಿದರು. ಮಂಡ್ಯದ ಸಕ್ಕರೆ ಕಾರ್ಖಾನೆಯ ಹುಟ್ಟಿಗೆ ದುಡಿದ, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಕೂಡ ಗಂಧದ ಸ್ಪೈಕ್ ರೋಗದ ಮೇಲೆ ಸಂಶೋಧನೆ ಮಾಡಿದವರು. ಆದರೂ ಗಂಧ ಪರಾವಲಂಬಿ ಎಂಬ ಕಾರಣಕ್ಕೆ ಯಾರೂ ಅದನ್ನು ಕೀಳು ಎನ್ನಲಿಲ್ಲ. ಟಿಪ್ಪು ಸುಲ್ತಾನ್ 1792ರಲ್ಲಿ ಅದನ್ನು ರಾಜಮರವೆಂದು ಸಾರಿದ. 2001ರ ಕಾನೂನು ತಿದ್ದುಪಡಿಯಿಂದ ತಮ್ಮ ಜಮೀನಿನ ಗಂಧ ರೈತರದೇ ಆಯಿತು. ಅಂದಿನಿಂದ ಕರ್ನಾಟಕದ ಒಣಭೂಮಿಗಳಲ್ಲಿ ಗಂಧ ನೆಡುವವರು ಹೆಚ್ಚಿದ್ದಾರೆ.

ಗಂಧ ನೆಟ್ಟು ಸೋತವರಲ್ಲಿ ಅನೇಕರ ಸೋಲಿನ ಮೂಲ ಒಂದೇ: ಅದನ್ನು ಒಂಟಿಯಾಗಿ ನೆಟ್ಟದ್ದು. ಸಸಿ ಮಡಿಯಲ್ಲಿ ತೊಗರಿಯಂಥ ಗಿಡ ಜೊತೆಗಿರಬೇಕು, ನೆಲದಲ್ಲಿ ಹೊಂಗೆ, ಗಾಳಿ ಮರದಂಥ ದೀರ್ಘಕಾಲದ ಆಸರೆ ಇರಬೇಕು. ಆ ಆಸರೆ ಮರಗಳಿಗೂ ನೀರು, ಗೊಬ್ಬರ ಸಿಗಬೇಕು. ಗಂಧ ಬೆಳೆಯುವವನು ನಿಜವಾಗಿ ಬೆಳೆಸಬೇಕಾದದ್ದು ಗಂಧದ ಸುತ್ತಲಿನ ಮರಗಳನ್ನು. ಬದನಿಕೆಯ ವಿಷಯದಲ್ಲೂ ಮಾತು ಅದೇ. ಆಸರೆ ಮರಗಳು ಹೆಚ್ಚಿದ್ದು, ಗಟ್ಟಿಯಾಗಿದ್ದರೆ ಬದನಿಕೆ ಒಂದು ಸಣ್ಣ ತೆರಿಗೆ. ಅವು ಕಡಿಮೆಯಿದ್ದು, ಬಾಯಾರಿ ನಿಂತಿದ್ದರೆ ಅದೇ ಬದನಿಕೆ ಮಾರಿ. ಒಂದೇ ಬಗೆಯ ಬದುಕನ್ನು ಲಾಭ ಕೊಟ್ಟಾಗ ಪೂಜಿಸಿ, ಲಾಭ ಕಾಣದಾಗ ಪಾಪವೆನ್ನುವುದು ವಿಚಾರವಂತರಿಗೆ ಒಪ್ಪುವ ಮಾತಲ್ಲ. ಹಾಗೆಯೇ ಬದನಿಕೆಯನ್ನು ಸಂತನನ್ನಾಗಿ ಮಾಡುವುದೂ ಬೇಡ. ಅದು ತನ್ನ ಪಾಡಿಗೆ ಬದುಕುವ ಗಿಡ. ಅದರ ಜೊತೆ ಹೇಗೆ ಬಾಳಬೇಕೆಂಬ ವಿವೇಕ ಬೇಕಾದದ್ದು ನಮಗೆ.

ಅಂಥ ವಿವೇಕ ಈ ಜಿಲ್ಲೆಗೆ ಅಪರಿಚಿತವೇನಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಪ್ರತಿವರ್ಷ ಊರೊಳಗಿನ ಮರಗಳ ಮೇಲೆ ಗೂಡು ಕಟ್ಟುತ್ತವೆ. ಅವುಗಳಲ್ಲಿ ಬಹಳಷ್ಟು ಹುಣಸೆ ಮರಗಳು, ಜನರ ಸ್ವಂತ ಮರಗಳು. ಗೂಡು ಕಟ್ಟಿದ ಮರದಲ್ಲಿ ಹುಣಸೆ ಫಸಲು ಕೈಗೆ ಸಿಗುವುದಿಲ್ಲ. ಆದರೂ ಊರಿನವರು ಹಕ್ಕಿಗಳನ್ನು ಓಡಿಸಲಿಲ್ಲ. ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುವ ಪದ್ಧತಿ ತಂದಿತು, 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ನಷ್ಟವನ್ನು ಒಪ್ಪಿಕೊಂಡು, ಅದನ್ನು ಹಂಚಿಕೊಂ‍ಡು, ಜೀವಗಳನ್ನು ಉಳಿಸಿಕೊಳ್ಳುವ ದಾರಿ ಸಾಧ್ಯವೆಂದು ಆ ಊರು ತೋರಿಸಿದೆ.

ಬದನಿಕೆಗೂ ಅಂಥದೊಂದು ಸ್ಪಷ್ಟ ನಡಾವಳಿ ಬೇಕು. ಫಲ ಕೊಡುವ ತೋಟದಲ್ಲಿ ಅದಕ್ಕೆ ಜಾಗವಿಲ್ಲ. ಗುಪ್ಪೆ ಸಣ್ಣದಿರುವಾಗಲೇ, ಹಣ್ಣು ಮಾಗುವ ಮೊದಲೇ, ಅದು ಕೂತ ಜಾಗದಿಂದ ಒಂದು ಅಡಿಯಾದರೂ ಕೆಳಗೆ, ಕಾಂಡದ ಕಡೆಗೆ, ಆಸರೆ ಕೊಂಬೆಯನ್ನೇ ಕತ್ತರಿಸಬೇಕು. ಮೇಲಿನ ಎಲೆ ಸವರಿ ಬಿಡುವುದು ಶ್ರಮದ ನಷ್ಟ. ಕಡಿದ ಸೊಪ್ಪನ್ನು ಮೇಕೆಗಳು ತಿನ್ನುತ್ತವೆ. ಒಬ್ಬನೇ ತನ್ನ ತೋಟ ಶುದ್ಧ ಮಾಡಿಕೊಂಡರೆ ಸಾಲದು. ಪಕ್ಕದ ಬದುವಿನ ಹೊಂಗೆಯಲ್ಲಿ ಹಣ್ಣು ತುಂಬಿದ್ದರೆ ಹಕ್ಕಿ ಅದನ್ನು ಮತ್ತೆ ತರುತ್ತದೆ. ಆದ್ದರಿಂದ ತೋಟದ ಸುತ್ತಲಿನ ಬದುಮರಗಳ ಹೊರೆಯನ್ನು ನೆರೆಹೊರೆಯವರು ಸೇರಿ ವರ್ಷಕ್ಕೊಮ್ಮೆ ಇಳಿಸಬೇಕು. ರಸ್ತೆಬದಿಯ ಮರಗಳಲ್ಲಿ ಸೊರಗಿದವನ್ನು ಗುರುತಿಸಿ ಹಗುರ ಮಾಡುವ ಕೆಲಸ ಪಂಚಾಯಿತಿ ಮತ್ತು ಅರಣ್ಯ ಇಲಾಖೆಯದು. ಗಟ್ಟಿಮುಟ್ಟಾದ ದೊಡ್ಡ ಮರದಲ್ಲಿ ಒಂದೆರಡು ಗುಪ್ಪೆ ಇದ್ದರೆ ಅವು ಇರಲಿ. ಮುತ್ತತ್ತಿಯ ಸುತ್ತಲಿನ ಕಾವೇರಿ ವನ್ಯಜೀವಿ ಧಾಮದಂಥ ಕಾಡಿನಲ್ಲಿ, ಯಾವುದೋ ಮರದ ಜಾತಿ ಅಪಾಯದಲ್ಲಿದೆ ಎಂದು ತಿಳಿಯುವವರೆಗೆ ಬದನಿಕೆಯನ್ನು ಮುಟ್ಟಬೇಕಾಗಿಲ್ಲ. ತಿಳಿದ ಮೇಲೆ ಏನು ಮಾಡಬೇಕೆಂದು ನಿರ್ಧರಿಸುವಾಗ ಆ ಕಾಡಿನ ಜನರನ್ನು ಮೊದಲು ಕೇಳಬೇಕು.

ಇದೆಲ್ಲಕ್ಕಿಂತ ಮುಖ್ಯವಾದ ಕೆಲಸ ಮರ ನೆಡುವುದು. ಕಬ್ಬಿನ ಗದ್ದೆಯ ಬದುವಿಗೆ ಹೊಂಗೆ, ಬೇವು, ನೇರಳೆ ಮರಳಿ ಬರಬೇಕು. ಹೆದ್ದಾರಿಗಾಗಿ ಹೋದ ಸಾಲುಮರಗಳ ಬದಲಿಗೆ ಊರೂರಿನ ರಸ್ತೆಗಳಲ್ಲಿ ಸಾಲುಮರ ಬೆಳೆಯಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಜಾತಿಗಳ ದಾಖಲೆ ಇಡಬೇಕು. ಮಂಡ್ಯ, ಮದ್ದೂರು, ಮಳವಳ್ಳಿಯ ಸಮಿತಿಗಳು ಆ ದಾಖಲೆಯಲ್ಲಿ ಬದನಿಕೆಯನ್ನೂ, ಅದು ಹಿಡಿದ ಮರಗಳನ್ನೂ, ಅದನ್ನು ನಂಬಿದ ಹಕ್ಕಿ ಚಿಟ್ಟೆಗಳನ್ನೂ ಬರೆದಿಡಲಿ. ಶಾಲೆಯ ಮೇಷ್ಟ್ರುಗಳು ಮಕ್ಕಳನ್ನು ಕರೆದೊಯ್ದು ಊರಿನ ಮರಗಳಲ್ಲಿ ಎಷ್ಟಕ್ಕೆ ಬದನಿಕೆ ಇದೆ ಎಂದು ಎಣಿಸಲಿ. ಎಣಿಸಿದ ಮೇಲೆ ಯಾವ ಮರಕ್ಕೆ ಮಚ್ಚು ಬೇಕು, ಯಾವ ಮರವನ್ನು ಅದರ ಪಾಡಿಗೆ ಬಿಡಬೇಕು ಎಂಬುದನ್ನು ಊರೇ ತೀರ್ಮಾನಿಸಲಿ. ರೈತರಲ್ಲಿ ನನ್ನ ವಿನಂತಿ ಇಷ್ಟೆ: ಈ ವರ್ಷ ಒಂದು ಬದನಿಕೆ ಹಿಡಿದ ಕೊಂಬೆ ಕಡಿದವರು, ಮಳೆ ಬಿದ್ದ ಕೂಡಲೇ ಬದುವಿನಲ್ಲಿ ಒಂದು ಮರವನ್ನೂ ನೆಡಿ.